ವಿಸ್ತಾ ಬಂತು, ಕಂಪ್ಯೂಟರ್ ಕುಂಟಿತು

ಕಂಪ್ಯೂಟರ್ ನಿಧಾನವಾದರೆ ನಾವು ಮೊದಲು ಹೇಳುವ ಮಾತು "ಹಳತಾಯ್ತು, ಬದಲಿಸಬೇಕು". ನಿನ್ನೆ ಸರಿಯಾಗಿಯೇ ಓಡುತ್ತಿದ್ದ ಮೆಷಿನ್ ಹೊಸ ಸಾಫ್ಟ್‌ವೇರ್ ಹಾಕಿದ ಕೂಡಲೇ ಕುಂಟಲು ಶುರು ಮಾಡಿದರೆ ಅದು ವಯಸ್ಸಿನ ದೋಷ ಹೇಗಾದೀತು ಮಾರಾಯ್ರೆ? ಇದಕ್ಕೆ ವಿಂಡೋಸ್ ವಿಸ್ತಾದ ಚರಿತ್ರೆಯೇ ಒಳ್ಳೆಯ ಉದಾಹರಣೆ.

2001ರಲ್ಲಿ ಬಂದ ಎಕ್ಸ್‌ಪಿಗೆ ಜನ ಚೆನ್ನಾಗಿ ಒಗ್ಗಿಹೋಗಿದ್ದರು. ವಿಸ್ತಾ ಅಂಗಡಿಗೆ ಬಂದದ್ದು 2007ರ ಜನವರಿ 30ಕ್ಕೆ. ಅದರ ದೊಡ್ಡ ಆಕರ್ಷಣೆ 'ಏರೋ', ಅಂದರೆ ಗಾಜಿನಂತೆ ಹಿಂದಿನದ್ದು ಕಾಣುವ ಕಿಟಕಿಗಳು. ನೋಡಲು ಚೆಂದವೇ. ಆದರೆ ಆ ಚೆಂದಕ್ಕಾಗಿ ಚಿತ್ರ ಬಿಡಿಸುವ ಕ್ರಮವನ್ನೇ ಬದಲಿಸಿದ್ದರು.

ಎಕ್ಸ್‌ಪಿಯಲ್ಲಿ ಎಲ್ಲ ಪ್ರೋಗ್ರಾಮುಗಳೂ ಒಂದೇ ಪರದೆಯ ಮೇಲೆ ನೇರವಾಗಿ ಬರೆಯುತ್ತಿದ್ದವು, ಒಂದೇ ಅಂಗಳದಲ್ಲಿ ಎಲ್ಲರೂ ರಂಗೋಲಿ ಹಾಕಿದ ಹಾಗೆ. ಏರೋದಲ್ಲಿ ಪ್ರತಿಯೊಂದು ಕಿಟಕಿಗೂ ಬೇರೆ ಬೇರೆ ಹಾಳೆ. ಆ ಹಾಳೆಗಳನ್ನೆಲ್ಲ ಜೋಡಿಸಿ ತೋರಿಸುವ ಕೆಲಸ ಗ್ರಾಫಿಕ್ಸ್ ಕಾರ್ಡಿನದ್ದು. ಇದಕ್ಕೆ ಹೆಚ್ಚು ಮೆಮೊರಿ ಬೇಕು, ಹೊಸ ಮಾದರಿಯ ಡ್ರೈವರ್ ಬೇಕು. ಹಿಂದೆ ಕಾರ್ಡೇ ಮಾಡುತ್ತಿದ್ದ ಗೆರೆ, ಅಕ್ಷರ ಬಿಡಿಸುವ ಸಣ್ಣಪುಟ್ಟ ಕೆಲಸ ಈ ಹೊಸ ವ್ಯವಸ್ಥೆಯಲ್ಲಿ ಪ್ರೊಸೆಸರಿನ ತಲೆಗೆ ಬಂತು. ಎಕ್ಸ್‌ಪಿ ಹಾಕಿಕೊಂಡು ಹಾಯಾಗಿದ್ದ ಪೆಟ್ಟಿಗೆ ಏದುಸಿರು ಬಿಡದೆ ಇನ್ನೇನು ಮಾಡೀತು?

ನಾನು ಕಾಮರ್ಸ್ ಓದಿದವನು. ಚಿಪ್ಪಿನ ಒಳಗುಟ್ಟಿಗಿಂತ ನನಗೆ ಕುತೂಹಲ ಹುಟ್ಟಿಸಿದ್ದು ಇದರ ವ್ಯಾಪಾರದ ಭಾಗ.

ವಿಸ್ತಾ ಬರುವ ಮೊದಲೇ, 2006ರಲ್ಲಿ, ಹೊಸ ಕಂಪ್ಯೂಟರುಗಳಿಗೆ 'ವಿಸ್ತಾ ಕೇಪಬಲ್' ಎಂಬ ಸ್ಟಿಕರ್ ಅಂಟಿಸಿ ಮಾರತೊಡಗಿದರು. ಅದಕ್ಕೆ 800 ಮೆಗಾಹರ್ಟ್ಸ್ ಪ್ರೊಸೆಸರ್, 512 ಎಂಬಿ ಮೆಮೊರಿ ಇದ್ದರೆ ಸಾಕಿತ್ತು. ಏರೋ ನೋಡಬೇಕಾದರೆ 'ಪ್ರೀಮಿಯಂ ರೆಡಿ' ಎಂಬ ಬೇರೆಯೇ ದರ್ಜೆ, 1 ಜಿಬಿ ಮೆಮೊರಿ. ಸ್ಟಿಕರ್ ನೋಡಿ ಕೊಂಡವರಿಗೆ ಈ ವ್ಯತ್ಯಾಸ ಎಲ್ಲಿ ಗೊತ್ತಾಗಬೇಕು?

2007ರಲ್ಲಿ ಅಮೆರಿಕದ ಸಿಯಾಟಲ್ ಕೋರ್ಟಿನಲ್ಲಿ ಗ್ರಾಹಕರು ದಾವೆ ಹೂಡಿದರು. 2008ರಲ್ಲಿ ಮೈಕ್ರೋಸಾಫ್ಟಿನ ಒಳಗಿನ ಇಮೇಲುಗಳು ಬಯಲಿಗೆ ಬಂದವು. ಮೊದಲು ಸ್ಟಿಕರಿಗೂ ಹೊಸ ಡ್ರೈವರ್ ಕಡ್ಡಾಯವಿತ್ತಂತೆ. ಇಂಟೆಲ್‌ನ 915 ಚಿಪ್‌ಸೆಟ್ಟಿಗೆ ಆ ಡ್ರೈವರ್ ಸಾಧ್ಯವಿರಲಿಲ್ಲ, ಆದ್ದರಿಂದ ನಿಯಮವನ್ನೇ ಸಡಿಲಿಸಿದರು. ಇಂಟೆಲ್‌ನ ಮೂರು ತಿಂಗಳ ಲಾಭದ ಲೆಕ್ಕ ಸರಿಹೋಗಲಿ ಎಂದು ಹೀಗೆ ಮಾಡಿದೆವು ಅಂತ ಒಬ್ಬ ಅಧಿಕಾರಿಯ ಇಮೇಲ್ ಹೇಳುತ್ತಿತ್ತು. ಆತನಿಗೆ ನಮ್ಮ ಲೆಕ್ಕಾಚಾರ ತಿಳಿದಿರುವುದು ಸಾಧ್ಯವಿಲ್ಲ ಎಂದು ಇಂಟೆಲ್ ಅಲ್ಲಗಳೆಯಿತು. ಯಾರ ಮಾತು ಸರಿಯೋ, ಕ್ವಾರ್ಟರ್ ಎಂಡಿನ ಒತ್ತಡ ಕಂಡ ನಮ್ಮಂಥ ಬ್ಯಾಂಕಿನವರಿಗೆ ಈ ಧಾಟಿ ಮಾತ್ರ ಹೊಸದಲ್ಲ! ಮೈಕ್ರೋಸಾಫ್ಟಿನ ಉಪಾಧ್ಯಕ್ಷರೊಬ್ಬರೇ 2,100 ಡಾಲರ್ ಕೊಟ್ಟು ತಂದ ಲ್ಯಾಪ್‌ಟಾಪ್ ಇಮೇಲ್ ನೋಡಲಷ್ಟೇ ಲಾಯಕ್ಕಾಯಿತು ಎಂದು ಗೋಳು ಹೇಳಿಕೊಂಡದ್ದೂ ಆ ಕಾಗದಗಳಲ್ಲಿತ್ತು.

2008ರ ಫೆಬ್ರವರಿಯಲ್ಲಿ ಎಲ್ಲ ಗ್ರಾಹಕರ ಪರ ಒಂದೇ ದಾವೆಯಾಗಿ ನಡೆಸಲು ಒಪ್ಪಿಗೆ ಸಿಕ್ಕಿತ್ತು. ಒಂದೇ ವರ್ಷದಲ್ಲಿ, 2009ರ ಫೆಬ್ರವರಿಯಲ್ಲಿ, ಅದೇ ನ್ಯಾಯಾಧೀಶೆ ಮಾರ್ಷಾ ಪೆಕ್‌ಮನ್ ಅದನ್ನು ರದ್ದು ಮಾಡಿದರು. ಸ್ಟಿಕರಿನಿಂದ ಬೆಲೆ ಏರಿತ್ತೆಂದು ಎಲ್ಲರ ಪರವಾಗಿ ರುಜುವಾತು ಮಾಡಲಾಗಲಿಲ್ಲ. ಸಾಮಾನ್ಯ ಗ್ರಾಹಕ ಅಲ್ಲಿಗೆ ಒಂಟಿಯಾದ.

ಅದೇ ವರ್ಷ ಅಕ್ಟೋಬರಿನಲ್ಲಿ ವಿಂಡೋಸ್ 7 ಬಂತು. ಹೊಸ ಡ್ರೈವರ್ ಸಿಕ್ಕ ಕಾರ್ಡುಗಳಿಗೆ ಚಿತ್ರ ಬಿಡಿಸುವ ಕೆಲಸ ಸ್ವಲ್ಪ ಮಟ್ಟಿಗೆ ವಾಪಸ್ ಬಂತು, ಮೆಮೊರಿಯ ಹೊರೆಯೂ ಇಳಿಯಿತು. ಅದೇ ಪೆಟ್ಟಿಗೆ, ಅದೇ ಕಾರ್ಡ್! ಹಾಗಾದರೆ ತಪ್ಪು ಪೆಟ್ಟಿಗೆಯದ್ದಾಗಿತ್ತೇ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲವೂ ಮುಗಿಯಿತು. ವಿಂಡೋಸ್ 11ರ ನಿಯಮಕ್ಕೆ ಹೊಂದದ ಎಷ್ಟೋ ಮೆಷಿನ್‌ಗಳು ಇನ್ನೂ ಗಟ್ಟಿಮುಟ್ಟಾಗಿವೆ. ಅಪ್‌ಡೇಟ್ ಆದ ಮೇಲೆ ಪರದೆ ತಡವರಿಸಿದರೆ ಮೊದಲು ಗ್ರಾಫಿಕ್ಸ್ ಡ್ರೈವರ್ ನೋಡಿಸಿ, ಹಳೆಯದಕ್ಕೆ ಮರಳಲು ಆಗುತ್ತದೆಯೇ ಕೇಳಿ. ಗುಜರಿಯವನನ್ನು ಕರೆಯುವುದು ಆಮೇಲೆ ಇದ್ದೇ ಇದೆ.