ಹಳೆಯ ಅಂಗಿ, ಹೊಸ ರವಿಕೆ

ಗಂಡಸರ ಅಂಗಿ ಎಲ್ಲ ಕಡೆಯೂ ಒಂದೇ ಸಮನಾಗಿ ಸವೆಯುವುದಿಲ್ಲ. ಬೆವರಿಗೂ ಗಡ್ಡದ ಕೂಳೆಗೂ ಸಿಕ್ಕಿದ ಕೊರಳಪಟ್ಟಿ ಮೊದಲು ಹರಿಯುತ್ತದೆ. ಆಮೇಲೆ ಮುಂಗೈಪಟ್ಟಿ, ನಮ್ಮಂಥ ಗುಮಾಸ್ತರದಾದರೆ ಮೇಜಿಗೆ ಉಜ್ಜುವ ಮೊಣಕೈ. ಬೆನ್ನಿನ ಭಾಗ ಮತ್ತು ಷರಾಯಿಯೊಳಗೆ ಸೇರಿಸುವ ಕೆಳಭಾಗ ಮಾತ್ರ ಬಹುಕಾಲ ಗಟ್ಟಿಯಾಗಿರುತ್ತವೆ. ಅಂಗಿ ಸತ್ತರೂ ಬಟ್ಟೆ ಬದುಕಿರುತ್ತದೆ ಎಂಬ ಈ ಸಂಗತಿಯನ್ನು ಮನೆ ನಡೆಸುವ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೂ ಒಂದು ದೊಡ್ಡ ಸರಕಾರ ಇದನ್ನು ಪುಸ್ತಕ ಅಚ್ಚು ಹಾಕಿಸಿ ಕಲಿಸಲು ಹೊರಟ ಕಾಲವೊಂದಿತ್ತು.

ಎರಡನೆಯ ಮಹಾಯುದ್ಧ ಆರಂಭವಾದ ಮೇಲೆ ಬ್ರಿಟನ್ನಿನ ಗಿರಣಿಗಳು ಸೈನಿಕರ ಸಮವಸ್ತ್ರಕ್ಕೆ ತಿರುಗಿದವು. ಹತ್ತಿ, ಉಣ್ಣೆ ತರಬೇಕಾದ ಹಡಗುಗಳು ಯುದ್ಧಸಾಮಗ್ರಿಗೇ ಸಾಲದಾದವು. 1941ರ ಜೂನ್ 1, ಭಾನುವಾರ. ವಾಣಿಜ್ಯ ಇಲಾಖೆಯಾದ ಬೋರ್ಡ್ ಆಫ್ ಟ್ರೇಡ್‌ನ ಮುಖ್ಯಸ್ಥ ಆಲಿವರ್ ಲಿಟಲ್ಟನ್ ಅವರು ರೇಡಿಯೊದಲ್ಲಿ ಬಟ್ಟೆಯ ರೇಷನ್ ಸಾರಿದರು. ಮುಂಚಿತವಾಗಿ ಸುದ್ದಿ ಹೊರಟರೆ ಜನ ಅಂಗಡಿಗಳಿಗೆ ಮುಗಿಬೀಳುತ್ತಾರೆಂದು ಬೇರೆ ಪುಸ್ತಕ ಹಂಚಿರಲಿಲ್ಲ. ಆಹಾರದ ರೇಷನ್ ಪುಸ್ತಕದಲ್ಲಿ ಉಳಿದಿದ್ದ ಮಾರ್ಗರಿನ್ ಕೂಪನ್‌ಗಳನ್ನೇ ಬಟ್ಟೆಗೆ ಬಳಸಲು ಹೇಳಿದರು. ಕಡತದ ಗುಟ್ಟು ಕಚೇರಿಯ ಮೆಟ್ಟಿಲಿಳಿಯುವ ವೇಗವನ್ನು ಬಲ್ಲ ನಮಗೆ ಇದು ಸಾಧಾರಣ ಸಾಧನೆಯಾಗಿ ಕಾಣುವುದಿಲ್ಲ.

ಮೊದಲ ವರ್ಷ ತಲೆಗೆ 66 ಕೂಪನ್. ಉಣ್ಣೆಯ ಉಡುಪಿಗೆ 11, ಬ್ಲೌಸಿಗೆ 5, ಒಂದು ಜೊತೆ ಕಾಲುಚೀಲಕ್ಕೆ 2. ಹಣವೂ ಬೇಕು, ಕೂಪನ್ನೂ ಬೇಕು. ಯುದ್ಧ ಮುಗಿದರೂ ಬವಣೆ ಮುಗಿಯಲಿಲ್ಲ. 1945ರ ಸೆಪ್ಟೆಂಬರಿನಿಂದ 1946ರ ಏಪ್ರಿಲ್‌ವರೆಗಿನ ಎಂಟು ತಿಂಗಳಿಗೆ ಸಿಕ್ಕಿದ್ದು 24 ಕೂಪನ್ ಮಾತ್ರ. ಬಟ್ಟೆಯ ರೇಷನ್ ಪೂರ್ತಿಯಾಗಿ ಹೋದದ್ದು 1949ರ ಮಾರ್ಚಿನಲ್ಲಿ. ಆದರೆ ಮನೆಯಲ್ಲಿರುವ ಹಳೆಯ ಅಂಗಿಗೆ ಕೂಪನ್ ಬೇಕಿರಲಿಲ್ಲ. ಹೊಲಿಯುವ ದಾರಕ್ಕೂ ಬೇಕಿರಲಿಲ್ಲ.

1943ರಲ್ಲಿ ಸರಕಾರ ‘ಮೇಕ್ ಡೂ ಅಂಡ್ ಮೆಂಡ್’ ಎಂಬ ಕಿರುಹೊತ್ತಗೆಯನ್ನು ಹೊರತಂದಿತು. ಇದ್ದುದರಲ್ಲೇ ಸಾಗಿಸಿ, ಹರಿದುದನ್ನು ಸರಿಪಡಿಸಿಕೊಳ್ಳಿ ಎಂದು ಅದರ ತಾತ್ಪರ್ಯ. ‘ಮಿಸೆಸ್ ಸೋ ಅಂಡ್ ಸೋ’ ಎಂಬ ಚಿತ್ರದ ಗೊಂಬೆಯೊಂದು ಜಾಹೀರಾತುಗಳಲ್ಲಿ ಹೆಂಗಸರಿಗೆ ಉಪದೇಶ ಹೇಳುತ್ತಿತ್ತು. ಊರೂರುಗಳಲ್ಲಿ ಹೊಲಿಗೆಯ ತರಗತಿಗಳು ನಡೆದವು.

ಅಂಗಿಯಿಂದ ಬ್ಲೌಸ್ ಮಾಡುವ ಕೆಲಸದಲ್ಲಿ ಬುದ್ಧಿಯೆಲ್ಲ ಕತ್ತರಿಯ ದಾರಿಯಲ್ಲಿದೆ. ಮೊದಲು ಹೊಲಿಗೆ ಬಿಚ್ಚಿ, ಒಗೆದು, ಇಸ್ತ್ರಿ ಮಾಡಿ, ಬೆಳಕಿಗೆ ಹಿಡಿದು ಸವೆದ ಜಾಗ ನೋಡಬೇಕು. ಕೊರಳನ್ನು ಸ್ವಲ್ಪ ಇಳಿಸಿ ಕತ್ತರಿಸಿದರೆ ಹರಿದ ಪಟ್ಟಿಯ ಅಂಚು ಹೋಗುತ್ತದೆ. ತೋಳನ್ನು ಗಿಡ್ಡಮಾಡಿದರೆ ಮುಂಗೈಪಟ್ಟಿ, ಮೊಣಕೈ ಎರಡೂ ಹೋಗುತ್ತವೆ. ಕೆಳಭಾಗದ ಗಟ್ಟಿ ಬಟ್ಟೆಯಲ್ಲಿ ಹೊಸ ಕೊರಳಪಟ್ಟಿ ಬರುತ್ತದೆ. ಒಂದೇ ತೊಡಕು ಗುಂಡಿಯದು: ಗಂಡಸರ ಅಂಗಿಯಲ್ಲಿ ಎಡಮಗ್ಗುಲು ಮೇಲೆ ಬರುತ್ತದೆ, ಹೆಂಗಸರದರಲ್ಲಿ ಬಲಮಗ್ಗುಲು. ಹಳೆಯ ಗುಂಡಿಪಟ್ಟಿಯನ್ನೇ ಉಳಿಸಿಕೊಂಡವಳ ಬ್ಲೌಸ್ ತನ್ನ ಹುಟ್ಟನ್ನು ತಾನೇ ಸಾರುತ್ತಿತ್ತು.

ಇದಕ್ಕಿಂತ ದೊಡ್ಡ ತೊಡಕು ಬೇರೆ ಇತ್ತು. ಯುದ್ಧಕ್ಕೆ ಹೋದ ಗಂಡನ ಅಂಗಿಗಳು ಬೀರುವಿನಲ್ಲಿ ಸುಮ್ಮನೆ ತೂಗುತ್ತಿದ್ದವು. ಅವುಗಳಿಗೆ ಕತ್ತರಿ ಹಾಕುವ ಮೊದಲು, ಯುದ್ಧ ಮುಗಿದ ಮೇಲೆ ಅವನಿಗೆ ಅದು ಬೇಕಾಗದೆಂದು ಖಾತ್ರಿಮಾಡಿಕೊಳ್ಳಿ ಎಂದು ಸರಕಾರವೇ ಎಚ್ಚರಿಸುತ್ತಿತ್ತು. ಬರೆದ ಅಧಿಕಾರಿ ಮಿತವ್ಯಯದ ಮಾತಾಗಿಯೇ ಬರೆದಿರಬಹುದು. ಓದಿದ ಹೆಂಗಸಿಗೆ ಅದು ಹಾಗೆ ಕೇಳಿಸಿತೇ? ಕತ್ತರಿ ಹಾಕುವುದೆಂದರೆ ಅವನು ಬರುವನೋ ಇಲ್ಲವೋ ಎಂಬುದನ್ನು ತಾನೇ ತೀರ್ಮಾನಿಸಿದಂತೆ. ಆ ಹಿಂಜರಿಕೆಗೆ ಯಾವ ಕೂಪನ್ ಪಟ್ಟಿಯಲ್ಲೂ ಲೆಕ್ಕವಿಲ್ಲ.

ರೇಷನ್ ಎಲ್ಲರನ್ನೂ ಸಮ ಮಾಡುತ್ತದೆ ಎನ್ನುತ್ತಾರೆ. ಕೂಪನ್ನಿನ ಮಟ್ಟಿಗೆ ನಿಜ. ಆದರೆ ಹಳೆಯದರಿಂದ ಹೊಸದನ್ನು ಮಾಡಬೇಕಾದರೆ ಹಳೆಯದು ಇರಬೇಕು, ಅದೂ ಒಳ್ಳೆಯದಿರಬೇಕು. ಬೀರು ತುಂಬ ಅಂಗಿಯಿದ್ದ ಮನೆಗೆ ಆ ಪುಸ್ತಕದಿಂದ ಆದಷ್ಟು ಉಪಕಾರ, ಇದ್ದ ಒಂದೆರಡನ್ನೇ ತೊಟ್ಟು ಸವೆಸಿದ ಕೂಲಿಯವನ ಮನೆಗೆ ಆಗಲಾರದು.

ಅದೇ ಯುದ್ಧ, ಅದೇ ದೊರೆ. ಭಾರತದ ಕಡೆ ಈಗ ತಿರುಗಿ ನೋಡೋಣ. ಮುಂಬಯಿ, ಅಹಮದಾಬಾದುಗಳ ಗಿರಣಿಗಳು ಹಗಲಿರುಳು ನಡೆದರೂ ಬಟ್ಟೆಯ ದೊಡ್ಡ ಪಾಲು ಸೈನ್ಯಕ್ಕೆ ಹೋಗುತ್ತಿತ್ತು. ಜಪಾನಿನ ಬಟ್ಟೆ ಬರುವುದು ನಿಂತಿತ್ತು. ಬೆಲೆ ಹಲವು ಪಟ್ಟು ಏರಿದ ಮೇಲೆ 1943ರ ಜೂನಿನಲ್ಲಿ ಹತ್ತಿ ಬಟ್ಟೆ ಮತ್ತು ನೂಲಿನ ನಿಯಂತ್ರಣ ಆಜ್ಞೆ ಬಂತು. ಬಟ್ಟೆಯ ಮೇಲೆಯೇ ಬೆಲೆ ಮುದ್ರೆಯೊತ್ತಬೇಕಾಯಿತು. ‘ಕಂಟ್ರೋಲ್’ ಎಂಬ ಮಾತು ನಮ್ಮ ಹಳ್ಳಿಗಳಲ್ಲಿಯೂ ಮನೆಮಾತಾಯಿತು. 1948ರ ಆರಂಭದಲ್ಲಿ ನಿಯಂತ್ರಣ ತೆಗೆದರು. ಬೆಲೆ ಚಿಮ್ಮಿದ್ದರಿಂದ ಅದೇ ವರ್ಷ ಮತ್ತೆ ಹೇರಿದರು. ಬಂಗಾಳದಲ್ಲಂತೂ 1943ರ ಅನ್ನದ ಕ್ಷಾಮದ ಬೆನ್ನಿಗೆ ಬಟ್ಟೆಯ ಕ್ಷಾಮವೂ ಬಂದು, ಮಾನ ಮುಚ್ಚಲು ಸೀರೆಯಿಲ್ಲದೆ ಹೆಂಗಸರು ಮನೆಯಿಂದ ಹೊರಬರಲಾರದಾದರು. ಅಂಥ ಮನೆಯಲ್ಲಿ ಕತ್ತರಿಸಲು ಅಂಗಿ ಎಲ್ಲಿತ್ತು? ಗಂಡಸಿಗೇ ಒಂದು ತುಂಡು ಪಂಚೆಯಿದ್ದಲ್ಲಿ ಯಾವ ಪುಸ್ತಕ ಏನು ಕಲಿಸೀತು?

ಅಂಗಿ ತೊಡುವ ಸಂಬಳದಾರರ ಮನೆಗಳಲ್ಲಿ ಮಾತ್ರ ಈ ವಿದ್ಯೆ ನಡೆಯುವಂತಿತ್ತು. ಸೀರೆಯ ರವಿಕೆಗೆ ಬೇಕಾದದ್ದು ಹೆಚ್ಚೆಂದರೆ ಒಂದು ಮೀಟರು ಬಟ್ಟೆ. ದೊಡ್ಡಾಳಿನ ಅಂಗಿಯ ಬೆನ್ನು, ಎದೆ, ತೋಳುಗಳಲ್ಲಿ ಅಷ್ಟು ಹೊರಡುತ್ತದೆ. ರವಿಕೆಯೂ ಹರಿದರೆ ಉತ್ತರ ಕರ್ನಾಟಕದ ಮನೆಗಳಲ್ಲಿ ಅದಕ್ಕೆ ಕೌದಿಯ ಗತಿ ಇದ್ದೇ ಇತ್ತು.

ಬ್ರಿಟನ್ನಿನ ಆ ಕಿರುಹೊತ್ತಗೆ ಇಂದಿಗೂ ಮರುಮುದ್ರಣವಾಗಿ ಸಿಗುತ್ತದೆ. ಮಿತವ್ಯಯದ ಪಾಠವೆಂದು ಜನ ಅದನ್ನು ಮೆಚ್ಚುತ್ತಾರೆ. ನಮ್ಮ ಕಡೆಯ ಹೆಂಗಸರು ಪುಸ್ತಕವಿಲ್ಲದೆ ಮಾಡಿದ್ದಕ್ಕೆ ದಾಖಲೆ ಅವರ ಹೊಲಿಗೆ ಮಾತ್ರ. ಊರಿನಿಂದ ಈ ಮಹಾನಗರಕ್ಕೆ ಹೊತ್ತು ತಂದ ಕೌದಿ ನಿಮ್ಮ ಮನೆಯ ಅಟ್ಟದ ಮೇಲಿದ್ದರೆ ಒಮ್ಮೆ ಬಿಡಿಸಿ ನೋಡಿ. ಪಟ್ಟೆಪಟ್ಟೆಯ ಅಂಗಿಬಟ್ಟೆಯ ತುಂಡು ಕಂಡರೆ ಅದು ಯಾರದೆಂದು ಹಿರಿಯರನ್ನು ಕೇಳಿ, ಹೇಳಿದ್ದನ್ನು ಬರೆದಿಡಿ. ಕೇಳಿದರೆ ಹೇಳಬಲ್ಲವರು ಈಗ ಹೆಚ್ಚು ಮಂದಿ ಉಳಿದಿಲ್ಲ.