ಕೂಲಿಯವನ ಕೈಯಲ್ಲಿ ಬಡಿಗೆ

ಮಂಗಳೂರಿನ ಬಲ್ಮಠದಲ್ಲಿ ಪಾದ್ರಿಯ ಓದು ಮುಗಿಸಿ ಊರಿಗೆ ಬಂದ ಮೊದಲ ಭಾನುವಾರ ಉಪದೇಶಕ್ಕೆ ನಾನು ಆರಿಸಿಕೊಂಡದ್ದು ಯೋಹಾನನ ಸುವಾರ್ತೆಯ ಹತ್ತನೆಯ ಅಧ್ಯಾಯ, ಒಳ್ಳೆಯ ಕುರುಬನ ಮಾತು. ಊರೆಂದರೆ ಗೋಕಾಕ ತಾಲ್ಲೂಕಿನ ಮಮದಾಪುರ. ಆದಿಲಶಾಹಿ ಕಾಲದ ಕೆರೆಗಳಿಗೆ ಹೆಸರಾದ ವಿಜಾಪುರದ ಕಡೆಯ ಮಮದಾಪುರ ಬೇರೆ, ನಮ್ಮದು ಬೇರೆ. ನಮ್ಮ ಮನೆಯ ಪಡಸಾಲೆಯಲ್ಲಿ ಇಪ್ಪತ್ತು ಮಂದಿ ಕೂತಿದ್ದರು. ಕುರುಬ ಎಂಬುದಕ್ಕೆ ಗ್ರೀಕಿನಲ್ಲಿ ಯಾವ ಶಬ್ದವಿದೆ, ಯೆಹೆಜ್ಕೇಲನ ಪುಸ್ತಕದಲ್ಲಿ ಅದೇ ಮಾತು ಹೇಗೆ ಬಂದಿದೆ ಎಂದೆಲ್ಲ ಹೇಳುತ್ತ, ತೋಳ ಬಂದಾಗ ಕೂಲಿಯಾಳು ಕುರಿಗಳನ್ನು ಬಿಟ್ಟು ಓಡಿಹೋಗುತ್ತಾನೆ ಎಂಬಲ್ಲಿಗೆ ಬಂದೆ. ಕಂಬಕ್ಕೆ ಒರಗಿ ಕೂತಿದ್ದ ನನ್ನ ಆಯಿ, ಅಪ್ಪನ ತಾಯಿ, ಕೈ ಎತ್ತಿದಳು.

"ತಮ್ಮಾ, ಓಡಿಹೋದಾ ಓಡಿಹೋದಾ ಅಂತ ಬೈಯಾಕತ್ತೀದಿ. ಅವನ ಕೈಯಾಗ ಒಂದ ಬಡಿಗಿ ಕೊಟ್ಟಿದ್ರೇನ? ಹೊಟ್ಟಿಗೆ ಹಾಕಿದ್ರೇನ?"

ಪಡಸಾಲೆ ಸುಮ್ಮನಾಯಿತು. ಅಲ್ಲಿ ಕೂತವರೆಲ್ಲ ಕೂಲಿಯವರೇ. ಜೋಳದ ಕೊಯ್ಲಿನಲ್ಲಿ, ಕಬ್ಬಿನ ಗದ್ದೆಯಲ್ಲಿ, ಇನ್ನೊಬ್ಬರ ದನದ ಹಿಂದೆ ದುಡಿದು ಬಂದವರು. ಓಡಿಹೋದ ಆ ಆಳು ಅವರಿಗೆ ಪರಕೀಯನಲ್ಲ, ನೆಂಟ. ಇಷ್ಟು ವರ್ಷ ಓದಿದ ನನಗೆ ಈ ಪ್ರಶ್ನೆಯನ್ನು ಯಾವ ಪುಸ್ತಕವೂ ಕೇಳಿರಲಿಲ್ಲ. ನಮ್ಮ ಕಡೆ ಸತ್ಯವೇದದ ಓದು ಹೇಗೆ ಬಂತು, ಉಪದೇಶ ಮಾಡುವವರನ್ನು ಯಾರು ಹೇಗೆ ತಯಾರು ಮಾಡಿದರು ಎಂದು ನಾನು ಹುಡುಕತೊಡಗಿದ್ದು ಆ ಭಾನುವಾರದಿಂದ.

ಹುಡುಕುತ್ತ ಹೋದರೆ ದಾರಿ ಬಳ್ಳಾರಿಗೆ ಹೋಗುತ್ತದೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಅಲ್ಲಿಗೆ ಬಂದದ್ದು 1810ರಲ್ಲಿ. ಬಂದವನು ಮೊದಲು ಮಾಡಬೇಕಾದದ್ದು ಬೋಧನೆಯಲ್ಲ, ಕನ್ನಡದ ಅಕ್ಷರ ತಿದ್ದುವುದು. ಆಗ ಅವನ ಮುಂದೆ ಕನ್ನಡ ಕಲಿಯಲು ಅಚ್ಚಾದ ಒಂದು ನಿಘಂಟೂ ಇರಲಿಲ್ಲ. ಸೆರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಹೊರಬಂದದ್ದು 1817ರಲ್ಲಿ. ಹ್ಯಾಂಡ್ಸ್‌ನ ಜೊತೆಗಾರ ವಿಲಿಯಂ ರೀವ್‌ನ ಕನ್ನಡ-ಇಂಗ್ಲಿಷ್ ನಿಘಂಟು ಬರಲು 1832 ಆಗಬೇಕಾಯಿತು. ಊರಿನ ಪಂಡಿತರನ್ನು, ಮುನ್ಷಿಗಳನ್ನು ಎದುರಿಗೆ ಕೂರಿಸಿಕೊಂಡು, ಒಂದೊಂದು ಶಬ್ದಕ್ಕೂ ಇದು ಸರಿಯೇ ಎಂದು ಕೇಳುತ್ತ ಅವರು ಮುಂದೆ ಹೋದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಆ ಪಂಡಿತರ ಹೆಸರುಗಳು ಮುಖಪುಟಕ್ಕೆ ಬರಲಿಲ್ಲ. ಅದು ನನಗೆ ಇಂದಿಗೂ ನೋವಿನ ಸಂಗತಿ. ಕನ್ನಡದಲ್ಲಿ ಬೈಬಲ್ ಓದಿದ ಮೊದಲ ವಿಮರ್ಶಕರು ಅವರೇ ಅಲ್ಲವೇ?

ಈಗ ನಾವು ಓದುವ ಸತ್ಯವೇದವನ್ನು ಬಿಚ್ಚಿ ನೋಡಿ. ಅದರ ಶಬ್ದಗಳು ಪರದೇಶದಿಂದ ಹಡಗಿನಲ್ಲಿ ಬಂದವಲ್ಲ. ದೀಕ್ಷಾಸ್ನಾನ ಎನ್ನುವಾಗ ಅದರಲ್ಲಿರುವ ದೀಕ್ಷೆ ಲಿಂಗಾಯತ ಮಠದ ಅಂಗಳದಲ್ಲಿ ದಿನವೂ ಕೇಳುವ ಮಾತು. ತೆರಿಗೆ ವಸೂಲಿಯವನು ಸುಂಕದವನಾದ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೇನು ಎಂದು ಗಾದೆಯಾಡುವ ಜನಕ್ಕೆ, ಯೇಸುಸ್ವಾಮಿ ಅಂಥವನ ಮನೆಯಲ್ಲಿ ಉಂಡರು ಎಂದರೆ ಅದರ ಬಿಸಿ ತಟ್ಟನೆ ಮುಟ್ಟುತ್ತದೆ. ಕರ್ತನ ಪ್ರಾರ್ಥನೆಯಲ್ಲಿ ದಿನದ ಆಹಾರ ಬೇಡುವಾಗ ನನ್ನ ಆಯಿಯ ಮನಸ್ಸಿನಲ್ಲಿದ್ದದ್ದು ಬಿಳಿಜೋಳದ ರೊಟ್ಟಿಯೇ. ಕುರುಬ ಎಂಬ ಶಬ್ದವಂತೂ ನಮ್ಮ ಕಡೆ ವಿವರಣೆಯನ್ನೇ ಬೇಡುವುದಿಲ್ಲ. ಸುಗ್ಗಿ ಮುಗಿದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿಸಿಕೊಂಡು, ಕುರುಬರಿಗೆ ಕಾಳು ಅಳೆದು ಕೊಡುವುದನ್ನು ನಾವು ಹುಟ್ಟಿದಾಗಿನಿಂದ ನೋಡಿದ್ದೇವೆ. ತೋಳವೂ ಕಥೆಯ ಪ್ರಾಣಿಯಲ್ಲ, ರಾತ್ರಿ ದಡ್ಡಿಗೆ ನುಗ್ಗುವ ಪ್ರಾಣಿ. ನಾನು ಆ ದಿನ ಗ್ರೀಕಿನಿಂದ ಶುರು ಮಾಡಿದ್ದೇ ತಪ್ಪು.

ಬೆಳಗಾವಿಗೆ ಲಂಡನ್ ಮಿಷನ್ ಬಂದದ್ದು 1820ರಲ್ಲಿ, ಬಳ್ಳಾರಿಯಿಂದಲೇ. ಜೋಸೆಫ್ ಟೇಲರ್ ಅಲ್ಲಿ ನೆಲೆ ನಿಂತ. ಆಮೇಲೆ ವಿಲಿಯಂ ಬೈನನ್ ಬಂದ. ಆ ಕಾಲದ ಶಾಲೆ ಇಂದಿಗೂ ಬೈನನ್ ಸ್ಮಿತ್ ಎಂಬ ಹೆಸರಿನಲ್ಲಿ ಬೆಳಗಾವಿಯಲ್ಲಿದೆ. ದಂಡಿನ ಊರಾದ್ದರಿಂದ ಅಲ್ಲಿ ಕನ್ನಡ, ಮರಾಠಿ, ತಮಿಳು ಮೂರರಲ್ಲೂ ಬೋಧನೆ ನಡೆಸಬೇಕಿತ್ತು. ಗೋಕಾಕ, ಹುಕ್ಕೇರಿ ಸೀಮೆ 1956ರವರೆಗೆ ಮುಂಬಯಿಯ ಆಳ್ವಿಕೆಯಲ್ಲಿತ್ತು. ಉಪದೇಶಕ್ಕೆ ಹೊರಟವನು ಯಾವ ಭಾಷೆಯಲ್ಲಿ ತಯಾರಾಗಬೇಕು ಎಂಬ ತೊಡಕು ನಮ್ಮ ಕಡೆ ಆಗಿನಿಂದಲೂ ಉಂಟು.

ಉಪದೇಶಕರ ತರಬೇತಿಗೆ ಗಟ್ಟಿ ನೆಲೆ ಸಿಕ್ಕಿದ್ದು ಮಾತ್ರ ಕರಾವಳಿಯಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೂವರು, ಹೆಬಿಕ್, ಲೆಹ್ನರ್, ಗ್ರೈನರ್, 1834ರಲ್ಲಿ ಮಂಗಳೂರಿಗೆ ಬಂದರು. ಎರಡು ವರ್ಷದ ಮೇಲೆ ಬಂದ ಹರ್ಮನ್ ಮೋಗ್ಲಿಂಗ್‌ನನ್ನು ಕನ್ನಡಿಗರು 1843ರ 'ಮಂಗಳೂರ ಸಮಾಚಾರ' ಪತ್ರಿಕೆಯಿಂದ ನೆನೆಯುತ್ತಾರೆ. ನಾನು ನೆನೆಯುವುದು ಅವನು ಬಲ್ಮಠದ ಗುಡ್ಡದ ಮೇಲೆ ಹುಡುಗರನ್ನು ಕೂಡಿಸಿ ಉಪದೇಶಕರ ಪಾಠ ನಡೆಸಿದ್ದಕ್ಕಾಗಿ. ಅದೇ ಮನುಷ್ಯ, ಕಾಸಾಮೇಜರ್ ಎಂಬ ನಿವೃತ್ತ ಅಧಿಕಾರಿಯ ಹಣದ ನೆರವಿನಿಂದ, 1848ರಿಂದ ಕೆಲವೇ ವರ್ಷಗಳಲ್ಲಿ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ತಂದ. ಪರಮತದ ಪುಸ್ತಕಗಳಿಗೆ ಪಾದ್ರಿ ಯಾಕೆ ಕೈಹಾಕಿದ ಎಂದು ಕೇಳುವವರಿದ್ದಾರೆ. ಕನ್ನಡಿಗನ ಮನಸ್ಸಿಗೆ ಹೋಗುವ ಬಾಗಿಲು ಆ ಪುಸ್ತಕಗಳಲ್ಲೇ ಇದೆ ಎಂದು ಅವನಿಗೆ ಗೊತ್ತಾಗಿತ್ತು. ಗಾಟ್‌ಫ್ರೀಡ್ ವೈಗ್ಲೆ ಕನ್ನಡ ಸಾಹಿತ್ಯವನ್ನು ಅಭ್ಯಾಸ ಮಾಡುತ್ತಲೇ ಬೈಬಲಿನ ಹಳೆಯ ಅನುವಾದವನ್ನು ತಿದ್ದಲು ಕೂತ. 1853ರಲ್ಲಿ ಬಂದ ಕಿಟ್ಟೆಲ್ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ಬರೆದ. 1894ರ ಅವನ ನಿಘಂಟಂತೂ ಎಲ್ಲರಿಗೂ ಗೊತ್ತು.

ಆ ಗುಡ್ಡದ ಮೇಲೆ ಪಾಠ ಹೇಳಿದವರಲ್ಲಿ ನಮ್ಮವನೂ ಒಬ್ಬನಿದ್ದ. ಸಾರಸ್ವತ ಬ್ರಾಹ್ಮಣರ ಮನೆಯ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಮಂಗಳೂರು ಕದಡಿತ್ತು. ಅವನು ಬಾಸೆಲ್ಲಿಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿ ಉಪದೇಶಕರಿಗೆ ಕಲಿಸಿದ. ಮನೆ ಕಳೆದುಕೊಂಡವನು ಮನೆ ಕಳೆದುಕೊಂಡ ಹುಡುಗರಿಗೆ ಮೇಷ್ಟ್ರಾದ. ಅವನ ಬೆಂಚಿನ ಮುಂದೆ ಬೇರೆ ಬೇರೆ ಜಾತಿಯಿಂದ ಬಂದವರು ಒಟ್ಟಿಗೆ ಕೂತರು ಎಂಬುದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಅದೇ ಮಂಗಳೂರಿನ ಸೆಮಿನರಿಯಲ್ಲಿ ಓದಿ ನಮ್ಮ ಉತ್ತರದ ಕಡೆಗೆ ಬಂದವರಲ್ಲಿ ನನ್ನ ಮನಸ್ಸಿನ ಗುರು ಉತ್ತಂಗಿ ಚನ್ನಪ್ಪನವರು. ಹುಟ್ಟಿದ್ದು 1881ರಲ್ಲಿ, ಧಾರವಾಡದಲ್ಲಿ. ಪಾದ್ರಿಯಾಗಿ ಊರೂರು ತಿರುಗುವಾಗ ಜನರ ಬಾಯಲ್ಲಿ ಸರ್ವಜ್ಞನ ವಚನಗಳು ಅವರಿಗೆ ಸಿಕ್ಕವು. ಓಲೆಗರಿ, ಕಾಗದದ ಪ್ರತಿ, ಬಾಯಿಪಾಠ, ಎಲ್ಲವನ್ನೂ ಕೂಡಿಸಿ ಹೋಲಿಸಿ, 1924ರಲ್ಲಿ ಸುಮಾರು ಎರಡು ಸಾವಿರ ವಚನಗಳ ಪುಸ್ತಕ ಹೊರತಂದರು. ಬೇರೆ ಬೇರೆ ಹಸ್ತಪ್ರತಿಗಳನ್ನು ಎದುರಿಟ್ಟುಕೊಂಡು ಮೂಲಪಾಠ ಹುಡುಕುವುದು ಬೈಬಲ್ ವಿದ್ವಾಂಸರ ಕಸುಬು. ಆ ಕಸುಬನ್ನು ಅವರು ಸರ್ವಜ್ಞನಿಗೆ ಸಲ್ಲಿಸಿದರು ಎಂದು ನಾನು ತಿಳಿದಿದ್ದೇನೆ. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನ ಈ ಪಾದ್ರಿಯನ್ನು ಅಧ್ಯಕ್ಷನನ್ನಾಗಿ ಕೂರಿಸಿತು. ತಿರುಳ್ಗನ್ನಡದ ತಿರುಕ ಎಂದು ತಮ್ಮನ್ನು ಕರೆದುಕೊಂಡ ಮನುಷ್ಯ. ಜನರ ಮಾತನ್ನು ಭಿಕ್ಷೆಯಂತೆ ಎರಡೂ ಕೈಯಲ್ಲಿ ತೆಗೆದುಕೊಳ್ಳುವುದನ್ನು ಅವರಿಂದ ಕಲಿಯಬೇಕು.

ನಮ್ಮ ಅಜ್ಜ ಮಂಗಳೂರು ಕಂಡವನಲ್ಲ. 1904ರ ಸುಮಾರಿಗೆ ಲಂಡನ್ ಮಿಷನ್ ಬೆಳಗಾವಿಯ ಕೆಲಸವನ್ನು ಅಮೆರಿಕದ ಮೆಥೊಡಿಸ್ಟರಿಗೆ ಒಪ್ಪಿಸಿತ್ತು. ಮೆಥೊಡಿಸ್ಟರ ಪದ್ಧತಿ ಬೇರೆ. ಜಾನ್ ವೆಸ್ಲಿಯ ಕಾಲದಿಂದಲೂ ಅವರಲ್ಲಿ ಗಣಿಯವನು, ನೇಕಾರ, ಮೋಚಿ ಬೋಧಕರಾಗಿದ್ದರು. ಕೆಲಸ ಬಿಟ್ಟು ಕಾಲೇಜಿಗೆ ಹೋಗಬೇಕಿಲ್ಲ. ಸ್ಥಳೀಯ ಬೋಧಕನಿಗೆ ಲೈಸೆನ್ಸ್ ಕೊಡುತ್ತಾರೆ, ವರ್ಷವರ್ಷಕ್ಕೂ ಓದಬೇಕಾದ ಪುಸ್ತಕಗಳ ಪಟ್ಟಿ ಕೊಡುತ್ತಾರೆ, ವಿಚಾರಿಸಿ ನೋಡಿ ಲೈಸೆನ್ಸ್ ಮುಂದುವರಿಸುತ್ತಾರೆ. ಊರ ಹೊರಗಿನ ಕೇರಿಯ ಹುಡುಗ ಶಾಲೆಯ ಕಟ್ಟೆಯ ಹೊರಗೆ ಕೂತು ಅಕ್ಷರ ಕಲಿಯಬೇಕಾಗಿದ್ದ ಕಾಲದಲ್ಲಿ ಆ ಪಟ್ಟಿ ಅಜ್ಜನ ಕೈಗೆ ಬಂತು. ಹಗಲು ಹೊಲ, ರಾತ್ರಿ ಚಿಮಣಿ ದೀಪ. ಓದಿದ್ದನ್ನು ಮರುದಿನ ಆಯಿಗೆ ಹೇಳಿ ಒಪ್ಪಿಸುವುದು ಅವನ ರೂಢಿ. ಆಯಿಗೆ ಅಕ್ಷರ ಬರುತ್ತಿರಲಿಲ್ಲ. ಒಮ್ಮೆ ಕೇಳಿದ್ದನ್ನು ಮರೆಯುತ್ತಿರಲಿಲ್ಲ. ಅಜ್ಜ ಒಂದು ವಾಕ್ಯ ಬಿಟ್ಟರೆ, "ನಡುವ ಒಂದ ಹಾರಿಸಿದ್ರಿ ನೋಡ್ರಿ" ಎನ್ನುತ್ತಿದ್ದಳಂತೆ.

ಅವಳೊಬ್ಬಳೇ ಅಲ್ಲ. ಬೈಬಲ್ ಬಾಯಿ ಎಂದು ನಾವು ಕರೆಯುತ್ತಿದ್ದ ಹೆಂಗಸರು ಕೈಚೀಲದಲ್ಲಿ ಪುಸ್ತಕ, ಹಾಡಿನ ಹಾಳೆ ಇಟ್ಟುಕೊಂಡು ಮನೆಮನೆಗೆ ಬರುತ್ತಿದ್ದರು. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅಕ್ಷರ, ಹಾಡು, ಬಾಣಂತಿಯ ಆರೈಕೆ ಮೂರನ್ನೂ ಹೇಳಿಕೊಡುತ್ತಿದ್ದರು. ಅವರಿಗೆ ಪಾದ್ರಿಗಳ ಅಂಗಿಯೂ ಇಲ್ಲ, ಪೀಠವೂ ಇಲ್ಲ. ನಮ್ಮ ಮನೆಗಳಲ್ಲಿ ಸತ್ಯವೇದ ಉಳಿದದ್ದು ಅವರಿಂದ ಎಂದು ನಾನು ನಂಬುತ್ತೇನೆ.

ನಾನು ಬಲ್ಮಠಕ್ಕೆ ಹೋದದ್ದು 1970ರ ದಶಕದಲ್ಲಿ. ಅಷ್ಟು ಹೊತ್ತಿಗೆ ಮಂಗಳೂರಿನ ಹಳೆಯ ಸೆಮಿನರಿಯೂ ತುಮಕೂರಿನ ಯೂನಿಯನ್ ಕೆನರೀಸ್ ಸೆಮಿನರಿಯೂ ಕೂಡಿ, 1965ರಿಂದ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಎಂದಾಗಿತ್ತು. ಪರೀಕ್ಷೆ ಸೆರಾಂಪುರದ್ದು. 1827ರಲ್ಲಿ ಡೆನ್ಮಾರ್ಕಿನ ರಾಜ ಕೊಟ್ಟ ಸನದಿನ ಮೇಲೆ ಪದವಿ ಕೊಡುವ ಸೆರಾಂಪುರ. ಪಾಠ ಮಾತ್ರ ಕನ್ನಡದಲ್ಲಿ, ಅದೇ ಆ ಕಾಲೇಜಿನ ಹೆಚ್ಚುಗಾರಿಕೆ. ಅಲ್ಲಿನ ದಫ್ತರಖಾನೆಯಲ್ಲಿ ಬಾಸೆಲ್ ಮಿಷನ್ನಿನ ಹಳೆಯ ಕಾಗದಗಳಿವೆ. ಮಳೆಗಾಲದ ಮಧ್ಯಾಹ್ನ ಆ ಹಾಳೆಗಳ ವಾಸನೆಯಲ್ಲಿ ಕೂತು ಓದಿದ್ದು ನನ್ನ ಬಾಳಿನ ಭಾಗ್ಯ. ಆದರೆ ಅಲ್ಲಿಂದ ನಾನು ತಂದ ಕನ್ನಡ ಗ್ರಂಥದ ಕನ್ನಡ. ಕರಾವಳಿಯ ಮಳೆಯಲ್ಲಿ ನೆನೆದ ನಾಲಿಗೆ ಗೋಕಾಕದ ಬಿಸಿಲಿಗೆ ಒಣಗಲು ಎರಡು ವರ್ಷ ಹಿಡಿಯಿತು.

ಆಯಿಯ ಪ್ರಶ್ನೆಗೆ ಆ ಭಾನುವಾರ ನಾನು ಉತ್ತರ ಕೊಡಲಿಲ್ಲ. ಮರುವಾರ ಅದೇ ಅಧ್ಯಾಯ ತೆಗೆದು, "ನೀವ ಹೇಳ್ರಿ" ಎಂದೆ. ಒಬ್ಬ ಕಾಕಾ ಎದ್ದು, ತಾನು ಹುಡುಗನಿದ್ದಾಗ ಆಳಾಗಿ ಕುರಿ ಕಾದದ್ದು, ಒಂದು ಮರಿ ಕಳೆದದ್ದಕ್ಕೆ ಮೂರು ತಿಂಗಳ ಕೂಲಿ ಹಿಡಿದದ್ದು ಹೇಳಿದ. "ನಾ ಓಡಲಿಲ್ಲರಿ. ಆದರ ಓಡಬೇಕಂತ ಅನಿಸಿತ್ತು." ಆಮೇಲೆ ಧಣಿ ಮತ್ತು ಕುರುಬ ಒಂದೇ ಅಲ್ಲ, ತಾನೇ ದಡ್ಡಿಯ ಬಾಯಲ್ಲಿ ಮಲಗುವವನು ಬೇರೆ ಎಂದು ಮಾತು ಬೆಳೆಯಿತು. ನಾನು ಪುಸ್ತಕ ಮುಚ್ಚಿಟ್ಟು ಕೇಳುತ್ತ ಕೂತೆ.

ಈಗ ನಿವೃತ್ತಿಯಾಗಿದೆ. ಶನಿವಾರ ಸಂಜೆ ಸುತ್ತಲ ಹಳ್ಳಿಗಳ ನಾಲ್ಕೈದು ಹುಡುಗ ಹುಡುಗಿಯರು ಅದೇ ಪಡಸಾಲೆಗೆ ಬರುತ್ತಾರೆ, ಮುಂದೆ ಸೆಮಿನರಿಗೆ ಹೋಗಬೇಕೆನ್ನುವವರು. ಮೊಬೈಲಿನಲ್ಲಿ ಹತ್ತು ಅನುವಾದ ಇಟ್ಟುಕೊಂಡು ಬರುತ್ತಾರೆ. ಮೊದಲ ತಿಂಗಳು ನಾನು ಏನೂ ಕಲಿಸುವುದಿಲ್ಲ. ಒಂದು ಅಧ್ಯಾಯ ತೆಗೆದುಕೊಂಡು ಓದು ಬಾರದ ಹಿರಿಯರೊಬ್ಬರ ಹತ್ತಿರ ಹೋಗಿ ನಿಧಾನವಾಗಿ ಓದಿ ಹೇಳಬೇಕು, ಅವರು ಕೇಳಿದ ಪ್ರಶ್ನೆಯನ್ನು ಅವರ ಮಾತಿನಲ್ಲೇ ಬರೆದುಕೊಂಡು ಬರಬೇಕು. ಹೋದ ವಾರ ಒಬ್ಬ ಹುಡುಗಿ ಹಾಳೆ ಬಿಚ್ಚಿ ಓದಿದಳು. ಕಳೆದುಹೋದ ಮಗ ಮನೆಗೆ ಬಂದಾಗ ಕೊಬ್ಬಿಸಿದ ಕರು ಕೊಯ್ದರಲ್ಲ, ಆ ಕರು ಸಾಕಿದ ಆಳನ್ನು ಊಟಕ್ಕೆ ಕರೆದರೇನು ಎಂದು ಅವಳ ಅಜ್ಜಿ ಕೇಳಿದ್ದಳಂತೆ. ಈ ಶನಿವಾರ ಅದರಿಂದಲೇ ಶುರು ಮಾಡುತ್ತೇವೆ.