ನಾಲಿಗೆಯ ಅಂಗಾಂಶನಾಶ: ದೈತ್ಯಕೋಶ ಅಪಧಮನಿ ಉರಿಯೂತದ ವಿರಳ ತೊಡಕಿನ ಇತಿಹಾಸ

ದೈತ್ಯಕೋಶ ಅಪಧಮನಿ ಉರಿಯೂತವು 50 ವರ್ಷ ದಾಟಿದವರಲ್ಲಿ ಕಾಣಿಸಿಕೊಳ್ಳುವ ರಕ್ತನಾಳ ರೋಗ. ವೈದ್ಯರ ಬಳಕೆಯಲ್ಲಿ ಇದರ ಹೆಸರು ಜೈಂಟ್ ಸೆಲ್ ಆರ್ಟರೈಟಿಸ್. ಅಪಧಮನಿಯ ಗೋಡೆ ಊದಿಕೊಂಡು ರಕ್ತದ ದಾರಿ ಕಿರಿದಾಗುತ್ತದೆ. ದವಡೆಯ ಸ್ನಾಯುಗಳಿಗೆ ರಕ್ತ ಸಾಲದೆ ಅಗಿಯುವಾಗ ನೋವು ಬರುವುದು ಸಾಮಾನ್ಯ ಲಕ್ಷಣ. ನಾಲಿಗೆಗೆ ಎರಡೂ ಬದಿಯಿಂದ ಧಾರಾಳವಾಗಿ ರಕ್ತ ಹರಿಯುವುದರಿಂದ ಅದರ ಅಂಗಾಂಶ ಸಾಯುವುದು ತೀರಾ ವಿರಳ.

ರೋಗವನ್ನು ಮೊದಲು ಗುರುತಿಸಿದವರು ಯಾರೆಂಬುದು ವಿವಾದಿತ. ಹತ್ತನೇ ಶತಮಾನದ ಬಾಗ್ದಾದಿನ ನೇತ್ರವೈದ್ಯ ಅಲಿ ಇಬ್ನ್ ಈಸಾ ಹಣೆಯ ಪಕ್ಕದ ರಕ್ತನಾಳಕ್ಕೂ ಕಣ್ಣಿನ ಬೇನೆಗೂ ನಂಟು ಕಲ್ಪಿಸಿದ್ದನೆಂದು ಹಲವರು ಬರೆಯುತ್ತಾರೆ. ಅದು ಇದೇ ರೋಗವೆನ್ನಲು ಅಷ್ಟು ಆಧಾರ ಸಾಲದು. 1890ರಲ್ಲಿ ಲಂಡನ್ನಿನ ಜೊನಾಥನ್ ಹಚಿನ್ಸನ್, ನೋವಿನಿಂದ ಟೋಪಿ ಹಾಕಿಕೊಳ್ಳಲಾಗದ ವೃದ್ಧನೊಬ್ಬನ ಊದಿದ ರಕ್ತನಾಳಗಳನ್ನು ವರ್ಣಿಸಿದರು. ಅಂಗಾಂಶ ಪರೀಕ್ಷೆಯ ವಿವರ ಬಂದದ್ದು 1932ರಲ್ಲಿ, ಅಮೆರಿಕದ ಮೇಯೊ ಕ್ಲಿನಿಕ್ಕಿನ ಬೇಯಾರ್ಡ್ ಹಾರ್ಟನ್ ಮತ್ತು ಸಂಗಡಿಗರಿಂದ. 1950ರ ಸುಮಾರಿಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್‌ನ ಚಿಕಿತ್ಸೆ ಆರಂಭವಾಯಿತು.

ನಾಲಿಗೆಯ ಅಂಗಾಂಶನಾಶದ ದಾಖಲೆ ಬಹುಪಾಲು ಒಂಟಿ ರೋಗಿಗಳ ವರದಿಗಳಲ್ಲೇ ಉಳಿದಿದೆ. ಬಿಳಿಚಿದ ಅಥವಾ ಕಪ್ಪಾದ ನಾಲಿಗೆಯನ್ನು ಕ್ಯಾನ್ಸರ್ ಅಥವಾ ಸೋಂಕು ಎಂದು ಭಾವಿಸಿದ ಉದಾಹರಣೆಗಳಿವೆ. ತಲೆನೋವನ್ನು ಮೈಗ್ರೇನ್ ಎಂದುಕೊಂಡು, ರಕ್ತನಾಳವನ್ನು ಬಿಗಿಗೊಳಿಸುವ ಎರ್ಗೊಟಮಿನ್ ಕೊಟ್ಟ ಬಳಿಕ ನಾಲಿಗೆ ಕಪ್ಪಾದ ಪ್ರಕರಣಗಳೂ ವರದಿಯಾಗಿವೆ.

ಈ ರೋಗವನ್ನು ವರ್ಗೀಕರಿಸುವ 1990ರ ಅಮೆರಿಕನ್ ಮಾನದಂಡದ ಐದಂಶಗಳ ಪಟ್ಟಿಯಲ್ಲಿ ಬಾಯಿಯ ಲಕ್ಷಣಕ್ಕೆ ಸ್ಥಾನವಿರಲಿಲ್ಲ. 2022ರ ಅಮೆರಿಕ–ಯುರೋಪ್ ಜಂಟಿ ಮಾನದಂಡ ದವಡೆ ಅಥವಾ ನಾಲಿಗೆಯ ಬಳಕೆಯಿಂದ ಬರುವ ನೋವಿಗೆ 2 ಅಂಕ ಕೊಟ್ಟಿತು. ವರ್ಗೀಕರಣಕ್ಕೆ ಒಟ್ಟು 6 ಅಂಕ ಬೇಕು. ಈ ವಿಷಯದಲ್ಲಿ ತಿರುವು ಎನ್ನಬಹುದಾದದ್ದು ಇದೇ. ಅಷ್ಟರಲ್ಲಿ, 2017ರಲ್ಲಿ, ಟೊಸಿಲಿಜುಮ್ಯಾಬ್ ಔಷಧವನ್ನು ಈ ರೋಗಕ್ಕೆ ಬಳಸಲು ಅಮೆರಿಕದಲ್ಲಿ ಅನುಮತಿಯೂ ದೊರೆತಿತ್ತು.

ಉತ್ತರ ಯುರೋಪಿಗೆ ಹೋಲಿಸಿದರೆ ಭಾರತದಲ್ಲಿ ಈ ರೋಗ ಕಡಿಮೆ. ಹಾಗಾಗಿ ಅನುಮಾನವೂ ತಡವಾಗಿ ಮೂಡುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂಥ ಅಡಿಕೆ ಬೆಳೆಯುವ ಸೀಮೆಯಲ್ಲಿ ಇನ್ನೊಂದು ತೊಡಕಿದೆ: ಅಡಿಕೆ, ತಂಬಾಕು ಜಗಿಯುವವರಲ್ಲಿ ಬಾಯಿ ಬಿಗಿಯುವುದು, ಹುಣ್ಣಾಗುವುದು, ಕ್ಯಾನ್ಸರ್ ಬರುವುದು ಉಂಟು. ಅಂಥವರ ದವಡೆನೋವಿಗೆ ಜಗಿಯುವ ಚಟವೇ ಕಾರಣವೆಂದು ತೀರ್ಮಾನಿಸುವುದು ಸುಲಭ. ವಯಸ್ಸಾದವರಲ್ಲಿ ಅಗಿಯುವಾಗ ನೋವು ಬಂದು, ನಿಲ್ಲಿಸಿದೊಡನೆ ತಗ್ಗುತ್ತಿದ್ದರೆ, ಜೊತೆಗೆ ಹೊಸ ತಲೆನೋವಿದ್ದರೆ, ಉರಿಯೂತವನ್ನು ಸೂಚಿಸುವ ಇಎಸ್‌ಆರ್ ಮತ್ತು ಸಿಆರ್‌ಪಿ ರಕ್ತಪರೀಕ್ಷೆ ತಪ್ಪದೆ ಮಾಡಿಸಬೇಕು. ಅನುಮಾನ ಬಲವಾಗಿದ್ದಲ್ಲಿ ಬಯಾಪ್ಸಿಯ (ಅಂಗಾಂಶ ಪರೀಕ್ಷೆಯ) ಫಲಿತಾಂಶಕ್ಕೆ ಕಾಯದೆ ವೈದ್ಯರು ಸ್ಟೀರಾಯ್ಡ್ ಆರಂಭಿಸುತ್ತಾರೆ. ತಡವಾದರೆ ನಾಲಿಗೆಯಷ್ಟೇ ಅಲ್ಲ, ದೃಷ್ಟಿಯೂ ಶಾಶ್ವತವಾಗಿ ಹೋಗಬಹುದು.